ಮಾವಿನಕುರ್ವೆಯ ಬಿಳಿ ಚುಕ್ಕಿಗಳು

ಭಟ್ಕಳದ ಮೀನುಗಾರಿಕೆ ಬಂದರಿನಲ್ಲಿ ನಮ್ಮ ತಪಾಸಣಾ ವಾಹನ ಮೊದಲ ಬಾರಿಗೆ ನಿಂತ ದಿನ, ತಂಡದ ಯುವ ವೈದ್ಯರು ಜೇಬಿನಿಂದ ಕರವಸ್ತ್ರ ತೆಗೆದು, ಅದರ ಮಡಿಕೆಯನ್ನೂ ಬಿಚ್ಚದೆ ಮೂಗಿಗೆ ಹಿಡಿದುಕೊಂಡರು. ಅವರೆದುರಿನ ಕುರ್ಚಿಯಲ್ಲಿ ಮೀನು ಮಾರುವ ಹೆಂಗಸೊಬ್ಬಳು ಆಗಷ್ಟೇ ಬಂದು ಕುಳಿತು, ತನ್ನ ದೊಡ್ಡಕ್ಕ ಯಾವ ಕಾಯಿಲೆಯಿಂದ ತೀರಿಕೊಂಡಳು ಎಂಬುದನ್ನು ಹೇಳತೊಡಗಿದ್ದಳು. ಮಾತು ಅರ್ಧಕ್ಕೆ ನಿಂತಿತು. ಅವಳು ಸೆರಗನ್ನು ಬಿಗಿಯಾಗಿ ಎಳೆದುಕೊಂಡು, ಉಳಿದ ಪ್ರಶ್ನೆಗಳಿಗೆಲ್ಲ ಇಲ್ಲವೆಂದು ತಲೆಯಾಡಿಸಿ ಎದ್ದುಹೋದಳು. ಕರವಸ್ತ್ರಕ್ಕೆ ನೀಲಿ ಅಂಚಿತ್ತು.

ತಮಗೆ ಅಂದು ಶೀತವಾಗಿತ್ತೆಂದು ವೈದ್ಯರು ಆಮೇಲೆ ಹೇಳಿದ್ದುಂಟು. ಬೆಳಗಿನಿಂದ ಸಂಜೆಯವರೆಗೆ ನಾನು ಅವರ ಸಮೀಪದಲ್ಲಿಯೇ ಇದ್ದೆ. ಒಂದು ಸೀನೂ ಕೇಳಿಸಲಿಲ್ಲ. ಇಂಥವನ್ನು ನಾನು ಮರೆಯುವವಳಲ್ಲ.

ಸರ್ಕಾರಿ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾಗಿ ಹೊನ್ನಾವರದಲ್ಲಿ ನೆಲೆಸಿದ್ದ ನನ್ನನ್ನು, ನಗರದ ಒಂದು ಸೇವಾ ಸಂಸ್ಥೆಯವರು ಹುಡುಕಿಕೊಂಡು ಬಂದಿದ್ದರು. ಅವರ ಬಳಿ ಸ್ತನದ ಕ್ಷ-ಕಿರಣ ಚಿತ್ರ ತೆಗೆಯುವ ಯಂತ್ರವುಳ್ಳ ದೊಡ್ಡ ಬಿಳಿ ವಾಹನವಿತ್ತು. ಮ್ಯಾಮೊಗ್ರಾಂ ಎಂಬ ಪದವನ್ನೇ ಕೇಳಿರದ ಹೆಂಗಸರ ಬಾಗಿಲಿಗೆ, ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಉದ್ದಕ್ಕೂ, ಅದನ್ನು ಕೊಂಡೊಯ್ಯುವುದು ಉದ್ದೇಶ. ಉದ್ದೇಶ ಒಳ್ಳೆಯದು, ಆದ್ದರಿಂದಲೇ ಒಪ್ಪಿದೆ. ಪತ್ರದಲ್ಲಿ ನನ್ನನ್ನು ಸಲಹೆಗಾರ್ತಿ ಎಂದು ಬರೆದಿದ್ದರು. ಉದ್ಘಾಟನೆಯ ದಿನ ನನಗೆ ದೊರೆತದ್ದು ಹೂಮಾಲೆಗಳ ತಟ್ಟೆ ಹಿಡಿದು ನಿಲ್ಲುವ ಕೆಲಸ.

ಸಂಸ್ಥೆಯ ಸಂಚಾಲಕ ಚುರುಕಾದ ತರುಣ. ಮೊದಲ ಸಭೆಯಲ್ಲಿಯೇ ನಾನೊಂದು ಮಾತು ಹೇಳಿದ್ದೆ: ಯಂತ್ರದ ಮುಂದೆ ನಿಲ್ಲಿಸುವ ಮೊದಲು ಪ್ರತಿಯೊಬ್ಬ ಹೆಂಗಸನ್ನೂ ಪರದೆಯ ಹಿಂದೆ ಕೂರಿಸಿ, ಕೈಯಿಂದ ಮುಟ್ಟಿ ಪರೀಕ್ಷಿಸಬೇಕು, ಒಳಗೆ ಏನೇನು ನಡೆಯುತ್ತದೆಂದು ಅವಳ ಮಾತಿನಲ್ಲಿಯೇ ತಿಳಿಸಬೇಕು. ಅವನು ನಗುನಗುತ್ತ ಉತ್ತರಿಸಿದ್ದ: “ಮೇಡಂ, ಅದೆಲ್ಲ ನಿಮ್ಮ ಕಾಲದ ಪದ್ಧತಿ. ಈಗ ಯಂತ್ರವೇ ನೋಡುತ್ತದೆ. ನೀವು ಹೊರಗಿನ ಸಾಲು ನೋಡಿಕೊಂಡರೆ ಸಾಕು.” ಈ ವಾಕ್ಯವನ್ನು ಅಂದೇ ಮನಸ್ಸಿನ ಒಂದು ಕಡೆ ತೆಗೆದಿಟ್ಟಿದ್ದೆ, ಭಟ್ಕಳದಲ್ಲಿ ಅದರ ಪಕ್ಕಕ್ಕೆ ಆ ಕರವಸ್ತ್ರವನ್ನೂ ಇಟ್ಟೆ.

ಭಟ್ಕಳದ ಕೆಲಸ ಕೆಟ್ಟುಹೋಯಿತೆಂದು ಹೇಳಲಾರೆ. ಮಧ್ಯಾಹ್ನಗಳಲ್ಲಿ ಊರೊಳಗಿನ ಓಣಿಗಳಿಂದ ಆಟೋಗಳಲ್ಲಿ ಬಂದ ಹೆಂಗಸರು, ತಮ್ಮ ತಮ್ಮಲ್ಲಿ ನವಾಯತಿ ನುಡಿಯಲ್ಲಿಯೂ ನನ್ನೊಡನೆ ಕನ್ನಡದಲ್ಲಿಯೂ ಮಾತಾಡುತ್ತ, ನೆರಳಿನಲ್ಲಿ ತಾಳ್ಮೆಯಿಂದ ಸರದಿ ಕಾಯುತ್ತಿದ್ದರು. ಗಲ್ಫಿನಲ್ಲಿರುವ ಗಂಡನಿಗೆ ವಿಷಯ ತಿಳಿಸದೆ ಬಂದೆನೆಂದು ಒಬ್ಬಳು ನನ್ನ ಕಿವಿಯಲ್ಲಿ ಹೇಳಿ, “ಹೇಳಿದ್ರೆ ಅಲ್ಲಿ ಅವ್ರಿಗೆ ನಿದ್ದೆ ಇಲ್ಲ ಅಕ್ಕಾ” ಎಂದಳು. ಆದರೆ ಬಂದರಿನ ಹೆಂಗಸರು ಮೊದಲ ದಿನದ ಅನಂತರ ಹೆಚ್ಚು ಬರಲಿಲ್ಲ. ಸಂಚಾಲಕ ಅದಕ್ಕೆ ಅರಿವಿನ ಕೊರತೆ ಎಂದು ಹೆಸರಿಟ್ಟ. ಅರಿವು ಅವರಿಗೆ ಬೇಕಾದಷ್ಟಿತ್ತು. ಕೊರತೆ ಎಲ್ಲಿತ್ತೆಂದು ನನಗೆ ಗೊತ್ತಿತ್ತು.

ಅನಂತರ ವಾಹನ ಹೊನ್ನಾವರಕ್ಕೆ ಬಂದು ಶರಾವತಿಯ ದಡದಲ್ಲಿ ನಿಂತಿತು. ಹೊಳೆ ಸಮುದ್ರ ಸೇರುವಲ್ಲಿರುವ ನಡುಗಡ್ಡೆ ಮಾವಿನಕುರ್ವೆಯ ಹೆಂಗಸರಿಗೆ ಸುತ್ತಿ ಬರುವ ರಸ್ತೆಗಿಂತ ದೋಣಿಯೇ ಅನುಕೂಲವೆಂದು ಆ ಜಾಗವನ್ನು ಆರಿಸಿದ್ದೆವು.

ಆ ಬೆಳಗು ಇಂದಿಗೂ ನನಗೆ ಎಚ್ಚರದಲ್ಲಿ ಕಂಡದ್ದೋ ನಿದ್ದೆಯಲ್ಲಿ ಕಂಡದ್ದೋ ಎಂಬಂತಿದೆ. ಚಳಿಗಾಲದ ಮಂಜು ನೀರಿನ ಮೇಲೆ ಕುಳಿತಿತ್ತು. ಹೊಳೆಯೆಲ್ಲಿ ಮುಗಿದು ಆಕಾಶವೆಲ್ಲಿ ತೊಡಗಿತೆಂದು ತಿಳಿಯುತ್ತಿರಲಿಲ್ಲ. ದೋಣಿಗಳು ಕಾಣುವ ಮೊದಲೇ ಅವುಗಳ ಪರಿಮಳ ದಡ ಮುಟ್ಟಿತು. ಶ್ರೀಗಂಧ, ಮಲ್ಲಿಗೆ, ಕರ್ಪೂರ ಎಲ್ಲ ಕಲೆಸಿದಂತಹ ಪೌಡರಿನ ಪರಿಮಳ, ಒಂದು ಮದುವೆಮನೆಯೇ ನೀರಿನ ಮೇಲೆ ತೇಲಿ ಬಂದಂತೆ. ಆಮೇಲೆ ಬಣ್ಣದ ಸೀರೆಗಳು ಮೂಡಿದವು. ಹೆಂಗಸರು ಮೊಣಕಾಲವರೆಗೆ ಸೀರೆ ಎತ್ತಿ ನೀರಿಗಿಳಿದು ನಡೆದುಬಂದರು. ಕತ್ತುಗಳೆಲ್ಲ ಬೆಳ್ಳಗೆ, ಮುಡಿಯಲ್ಲಿ ಅಬ್ಬಲಿಗೆ. ನಮ್ಮ ಬಿಳಿ ವಾಹನದ ಕಡೆಗೆ ಅವರು ಬರುತ್ತಿದ್ದ ರೀತಿ ಯಾವುದೋ ದಿಬ್ಬಣವನ್ನು ಎದುರುಗೊಳ್ಳುವಂತಿತ್ತು. ನನಗೆ ಸಂತೋಷವಾಯಿತು. ಅಷ್ಟೇ ಆಯಿತು, ಆ ಪರಿಮಳದ ಬಗ್ಗೆ ಬೇರೇನೂ ನನಗೆ ಹೊಳೆಯಲಿಲ್ಲ.

ಕುರ್ವೆಯ ಆಶಾ ಕಾರ್ಯಕರ್ತೆ ಅವರನ್ನೆಲ್ಲ ಕೂಡಿಸಿ ತಂದಿದ್ದಳು. ಅವರಲ್ಲಿ ಮುಂದಾಳಾಗಿ ಕಂಡವಳು ಐವತ್ತು ದಾಟಿದ ಒಬ್ಬ ಮೀನುಗಾತಿ. ಹೊನ್ನಾವರದ ಮೀನುಪೇಟೆಯಲ್ಲಿ ಕಂಬದ ಬುಡದ ಜಾಗ ಅವಳದು. ಅವಳ ನಾಲಗೆಗೆ ಹೆದರಿ ಚೌಕಾಸಿ ಮಾಡದೆ ಹೋಗುವ ಗಿರಾಕಿಗಳುಂಟು. ವೈದ್ಯರು ಮನೆತನದ ಕಾಯಿಲೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಅವಳು “ಇಲ್ಲ” ಎಂಬ ಒಂದೇ ಉತ್ತರ ಕೊಟ್ಟು ವಾಹನ ಹತ್ತಿದಳು. ಹುಬ್ಬಳ್ಳಿಯ ಕಡೆಯಿಂದ ಬಂದಿದ್ದ ತಂತ್ರಜ್ಞೆ ಒಬ್ಬೊಬ್ಬರನ್ನೂ ಒಳಗೆ ಕರೆದು, ಡಿಯೋಡರೆಂಟ್ ಹಾಕಿದ್ದೀರಾ ಎಂದು ತಪ್ಪದೆ ವಿಚಾರಿಸುತ್ತಿದ್ದಳು. ಹಾಗೆಂದರೇನೆಂದು ತಿಳಿಯದವರು ಇಲ್ಲವೆಂದರು. ತಿಳಿದವರೂ ಇಲ್ಲವೆಂದರು, ಏಕೆಂದರೆ ನಿಜವಾಗಿಯೂ ಹಾಕಿರಲಿಲ್ಲ. ಹಲಗೆಯ ಮೇಲೆ ಎದೆಯಿರಿಸಿ, ಮೇಲಿನಿಂದ ಇನ್ನೊಂದು ಹಲಗೆ ಒತ್ತಿ, ಉಸಿರು ಹಿಡಿದು ನಿಲ್ಲಿಸಿ, ನೇರವಾಗಿ ಒಂದು ಓರೆಯಾಗಿ ಒಂದು ಎಂದು ಪ್ರತಿ ಬದಿಗೂ ಎರಡು ಚಿತ್ರ.

ಮೀನುಗಾತಿ ಹೊರಬಂದವಳೇ ಸಾಲಿನಲ್ಲಿದ್ದವರಿಗೆ ವರದಿ ಒಪ್ಪಿಸಿದಳು. “ಎಂತ ಇಲ್ಲ ಮಾರಾಯ್ತಿ. ಅವಲಕ್ಕಿ ಮಾಡಿ ಕಳಸ್ತ್ರು.”

ನಗು ನೀರಿನವರೆಗೂ ಹೋಯಿತು. ಆ ದಿನ ಯಾರೂ ಸಾಲು ಬಿಟ್ಟು ಹೋಗಲಿಲ್ಲ.

ಚಿತ್ರಗಳು ಅಂತರ್ಜಾಲದಲ್ಲಿ ದೂರದ ನಗರದ ವಿಕಿರಣ ತಜ್ಞೆಯೊಬ್ಬರಿಗೆ ಹೋಗುತ್ತಿದ್ದವು. ಅವರ ಮೊದಲ ವರದಿ ಬಂದಾಗ ಸಂಚಾಲಕನ ಮುಖ ಬಿಳಿಚಿಕೊಂಡಿತು. ಕುರ್ವೆಯ ಹೆಂಗಸರಲ್ಲಿ ಹೆಚ್ಚುಕಡಿಮೆ ಎಲ್ಲರ ಚಿತ್ರದಲ್ಲೂ ಸಂಶಯಾಸ್ಪದ ಬಿಳಿ ಕಣಗಳು. ಎಲ್ಲರನ್ನೂ ಮರುಪರೀಕ್ಷೆಗೆ ಕರೆಸಬೇಕು. ನನ್ನನ್ನು ಒಂದು ಮಾತೂ ಕೇಳದೆ ಅವನು ಆಶಾ ಕಾರ್ಯಕರ್ತೆಗೆ ಫೋನು ಮಾಡಿಬಿಟ್ಟ. ಹೊಳೆಯ ಆಚೆ ಆ ಸುದ್ದಿ ಹೇಗೆ ಹಬ್ಬಿತೆಂದು ನಾನು ಬೇರೆ ಹೇಳಬೇಕಾಗಿಲ್ಲ. ಒಲೆ ಹೊತ್ತದ ಮನೆಗಳಿದ್ದವು. ಒಬ್ಬ ಹುಡುಗಿಯ ಮದುವೆಯ ಮಾತುಕತೆ, ತಾಯಿಗೆ ಹಾಗಂತೆ ಎಂಬ ಕಾರಣಕ್ಕೆ, ನಡುವೆಯೇ ನಿಂತಿತು. ಆಶಾ ಕಾರ್ಯಕರ್ತೆ ಫೋನಿನಲ್ಲಿ ಅಳುತ್ತ, “ಬಾಯೋರೆ, ಇಡೀ ಕುರ್ವೆಗೇ ಬಂದದ್ಯಾ? ನೀರಲ್ಲೇ ಎಂತಾರೂ ಅದ್ಯಾ?” ಎಂದು ಕೇಳಿದಳು. ನರ್ಸುಗಳನ್ನು ಬಾಯೋರು ಎನ್ನುವುದು ನಮ್ಮ ಕಡೆಯ ಹಳೆಯ ರೂಢಿ.

ಚಿತ್ರಗಳನ್ನು ತೋರಿಸೆಂದು ಸಂಚಾಲಕನನ್ನು ಕೇಳಿದೆ. ನಿಮಗೆ ಅದು ಅರ್ಥವಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು, ನನ್ನ ಮುಖ ನೋಡಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದ.

ಅಷ್ಟು ಚೆಂದದ ಭಯಂಕರವನ್ನು ನಾನು ಹಿಂದೆ ಕಂಡಿರಲಿಲ್ಲ. ಕಪ್ಪು ಹಿನ್ನೆಲೆ, ಅದರೊಳಗೆ ಅರ್ಧಚಂದ್ರದಂತೆ ಬೂದುಬಣ್ಣದ ಒಂದು ಆಕಾರ, ಅದರ ಅಂಚಿನುದ್ದಕ್ಕೂ ಮಡಿಕೆಗಳಲ್ಲಿಯೂ ಚೆಲ್ಲಿದ ಬಿಳಿ ಚುಕ್ಕಿಗಳು. ಒಂದಾದ ಮೇಲೆ ಒಂದು ಆಕಾಶ ತೆರೆದುಕೊಳ್ಳುತ್ತ ಹೋಯಿತು. ಕುರ್ವೆಯ ಒಬ್ಬೊಬ್ಬ ಹೆಂಗಸಿನೊಳಗೂ ಇಷ್ಟು ನಕ್ಷತ್ರಗಳಿದ್ದವೇ ಎಂದು ಮೈಮರೆತು ನೋಡುತ್ತಿದ್ದೆ. ಅವು ಏನೆಂದು ತಜ್ಞೆ ಫೋನಿನಲ್ಲಿ ಬಿಡಿಸಿ ಹೇಳಿದರು. ಕೆಲವು ಕ್ಯಾನ್ಸರುಗಳು ಗಂಟಾಗಿ ಕೈಗೆ ಸಿಗುವುದಕ್ಕಿಂತ ಬಹಳ ಮೊದಲೇ ಹಾಲಿನ ನಾಳಗಳೊಳಗೆ ಸುಣ್ಣದ ಸೂಕ್ಷ್ಮ ಕಣಗಳಾಗಿ ಕಾಣಿಸಿಕೊಳ್ಳುತ್ತವೆ. ಇವು ಹಾಗೆಯೇ ತೋರುತ್ತಿವೆ. ಆದರೆ ಇಷ್ಟು ಜನರಲ್ಲಿ ಒಟ್ಟಿಗೆ ಇವೆಯೆಂದರೆ ತಮಗೂ ನಂಬಿಕೆ ಬರುತ್ತಿಲ್ಲ.

“ಅವರು ಮೈಗೆ ಏನಾದರೂ ಹಚ್ಚಿಕೊಂಡು ಬಂದಿದ್ದರೇ? ಮುಲಾಮು, ಭಸ್ಮ, ಏನಾದರೂ?” ಎಂದು ಅವರು ಕೇಳಿದರು.

ಕಣ್ಣು ಮುಚ್ಚಿದೆ. ಮಂಜಿನೊಳಗಿಂದ ದೋಣಿಗಳು ಮತ್ತೆ ಬಂದವು, ಪರಿಮಳ ಮೊದಲು.

“ಪೌಡರು,” ಎಂದೆ. “ಕತ್ತಿನಿಂದ ಕೆಳಗೆ. ಎಲ್ಲರೂ.”

ಆಚೆಯಿಂದ ನಿಟ್ಟುಸಿರು ಕೇಳಿಸಿತು. ಬೆವರುಸಾಲೆಗೆಂದು ಮಾರುವ ಪೌಡರುಗಳಲ್ಲಿ ಸತುವಿನ ಅಂಶವಿರುತ್ತದೆ. ಕ್ಷ-ಕಿರಣಕ್ಕೆ ಅದೂ ಬೆಳ್ಳಗೆ, ಸುಣ್ಣದ ಕಣದಂತೆಯೇ. ನಮ್ಮ ಕರಾವಳಿಯ ಸೆಕೆಯಲ್ಲಿ ಆ ಡಬ್ಬಿಯಿಲ್ಲದ ಮನೆಯಿಲ್ಲ. ಪರದೆಯ ಹಿಂದೆ ಒಂದೇ ಒಂದು ಸಲ ಕೈಯಿಂದ ಪರೀಕ್ಷಿಸಿದ್ದರೂ ಬೆರಳಿಗೆ ಬಿಳಿ ಅಂಟುತ್ತಿತ್ತು. ಅದನ್ನು ಸಂಚಾಲಕನಿಗೆ ನಾನು ಬಾಯಿಬಿಟ್ಟು ಹೇಳಲಿಲ್ಲ. ಅವನು ತಲೆ ತಗ್ಗಿಸುವವರೆಗೆ ಸುಮ್ಮನೆ ನೋಡುತ್ತಿದ್ದೆ.

ತಜ್ಞೆ ಎಲ್ಲ ಚಿತ್ರಗಳನ್ನೂ ಮತ್ತೊಮ್ಮೆ ಪರಿಶೀಲಿಸಿ ಮರುದಿನ ನನಗೇ ಫೋನು ಮಾಡಿದರು. ಉಳಿದವರ ಕಣಗಳೆಲ್ಲ ಚರ್ಮದ ಗೆರೆಗಳಲ್ಲಿ, ಕಂಕುಳಿನ ಮಡಿಕೆಯಲ್ಲಿ ಇವೆ, ಪೌಡರೇ ಇರಬೇಕು, ಆದರೂ ಅವುಗಳ ಮರೆಯಲ್ಲಿ ಏನಿದೆಯೋ ಕಾಣದು, ಚಿತ್ರ ಮತ್ತೆ ತೆಗೆಯಲೇಬೇಕು. ಒಬ್ಬಳ ಚಿತ್ರ ಮಾತ್ರ ಬೇರೆ. ಅಂಚಿನಲ್ಲಿ ಪೌಡರು ಇದೆ. ಅದಲ್ಲದೆ ಎಡಗಡೆ ಒಳಗೆ, ಆಳದಲ್ಲಿ, ಒಂದು ಪುಟ್ಟ ಗುಂಪು ಎರಡು ಕೋನಗಳಿಂದಲೂ ಅದೇ ಸ್ಥಳದಲ್ಲಿ ಕಾಣುತ್ತದೆ. “ಅವರನ್ನು ಬಿಟ್ಟುಬಿಡಬೇಡಿ,” ಎಂದರು. ಅದು ಕಂಬದ ಬುಡದ ಮೀನುಗಾತಿಯ ಚಿತ್ರ.

ಅಷ್ಟರಲ್ಲಿ ಕುರ್ವೆಗೆ ಪೌಡರಿನ ವಿಷಯ ತಲುಪಿತ್ತು. ಭಯ ಇಳಿದ ಮೇಲೆ ಉಳಿಯುವ ನಗುವಿಗೆ ಒಂದು ಕಹಿ ಇರುತ್ತದೆ. ನಮ್ಮ ವಾಹನಕ್ಕೆ ಪೌಡರ್ ಗಾಡಿ ಎಂದು ಹೆಸರು ಬಿತ್ತು. ಇನ್ನು ಆ ಕಡೆ ತಲೆ ಹಾಕುವುದಿಲ್ಲವೆಂದು ಹೆಂಗಸರು ಮಾತಾಡಿಕೊಂಡರು. ಹಾಗೆ ಆಡಿಸಿದವಳು ಬೇರೆ ಯಾರೂ ಅಲ್ಲ, ಆ ಮೀನುಗಾತಿಯೇ. ಅತ್ತ ವಾಹನ ಮರುದಿನ ಬೆಳಿಗ್ಗೆ ಕುಮಟಾ ತಾಲೂಕಿನ ಮಿರ್ಜಾನಕ್ಕೆ ಹೊರಡುವುದಿತ್ತು.

ಅವಳೊಬ್ಬಳನ್ನು ಮಾತ್ರ ನಗರಕ್ಕೆ ಕರೆಸಿಕೊಂಡರಾಯಿತು, ಉಳಿದವರನ್ನು ಮುಂದಿನ ವರ್ಷ ನೋಡೋಣ ಎಂದ ಸಂಚಾಲಕ. ಒಬ್ಬಳನ್ನೇ ಕರೆಸುವುದೆಂದರೆ ಹೊಳೆಯ ಎರಡೂ ದಡಗಳಿಗೆ ಡಂಗುರ ಸಾರಿದಂತೆ; ಅವಳು ಬರುವುದಿಲ್ಲ; ಸುಣ್ಣದ ಕಣಗಳು ಒಂದು ವರ್ಷ ಸುಮ್ಮನೆ ಕುಳಿತಿರುವುದೂ ಇಲ್ಲ. ಅವನೊಡನೆ ವಾದಿಸುವುದನ್ನು ಬಿಟ್ಟು ಮಿರ್ಜಾನದ ಆಶಾ ಕಾರ್ಯಕರ್ತೆಗೆ ಫೋನು ಮಾಡಿದೆ. ನಾಳೆಯ ಶಿಬಿರವನ್ನು ಒಂದು ದಿನ ಮುಂದೂಡಿದರೆ ತೊಂದರೆಯೇ ಎಂದು ಕೇಳಿದೆ.

“ಎಂತ ತೊಂದ್ರೆ ಬಾಯೋರೆ,” ಎಂದಳು ಅವಳು. “ಇಲ್ಲಿ ಕೊಯ್ಲು ಅದೆ. ನಾಳೆ ಬನ್ನಿ ಅಂದ್ರೂ ಗದ್ದೆಯಿಂದ ಯಾರೂ ಏಳೂದಿಲ್ಲ. ನಾಡಿದ್ದು ಹಾಡು ಹೇಳ್ತಾ ಬತ್ರು, ಅವ್ರನ್ನ ಸುಮ್ನಿರ್ಸೂದೇ ಕಷ್ಟ.”

ನನಗಿಲ್ಲದ ಅಧಿಕಾರವನ್ನು ನಾನು ಚಲಾಯಿಸಿದೆ. ಸಂಚಾಲಕನಿಗೆ ಮಿರ್ಜಾನದವರೇ ದಿನ ಬದಲಿಸಿದ್ದಾರೆಂದು ತಿಳಿಸಿ, ಬದಲಿಸಲು ಕೇಳಿದವಳು ನಾನೆಂಬುದನ್ನೂ ತಿಳಿಸಿದೆ. ಅವನು ಮೇಲಿನವರಿಗೆ ವರದಿ ಮಾಡುತ್ತೇನೆಂದ. ಮಾಡಿದ. ಅದೂ ನನಗೆ ನೆನಪಿದೆ.

ಅದೇ ದಿನ ಮಧ್ಯಾಹ್ನದ ಮೊದಲು ಮೀನುಪೇಟೆಗೆ ಹೋದೆ. ಕಂಬದ ಬುಡದಲ್ಲಿ ಅವಳು ಹಲಗೆಯ ಮೇಲೆ ಬಂಗಡೆಗಳನ್ನು ಜೋಡಿಸಿಕೊಂಡು ಕುಳಿತಿದ್ದಳು. ಪಕ್ಕದ ಮುದುಕಿ ತನ್ನ ಹಲಗೆಯನ್ನು ಕಾಲಿನಿಂದ ಮೆಲ್ಲಗೆ ಇವಳ ಕಡೆ ತಳ್ಳುತ್ತಿದ್ದಳು; ಇವಳು ನೋಡದೆಯೇ ಅದನ್ನು ಹಿಂದಕ್ಕೆ ನೂಕುತ್ತಿದ್ದಳು. ಅದು ದಿನದ ಆಟವೆಂದು ತೋರಿತು.

“ಎಂತ ಬಾಯೋರೆ, ನೀವು ಮೀನು ತಿನ್ನೂಕೆ ಹಿಡ್ದದ್ದು ಯಾವತ್ತಿಂದ?”

“ಮೀನಿಗೆ ಬಂದದ್ದಲ್ಲ. ನಿನ್ನ ಹತ್ರ ಮಾತದೆ.”

“ಮಾತು ಹಾಳಾಗೂದಿಲ್ಲ, ಮೀನು ಹಾಳಾಗ್ತದೆ. ನಿಲ್ಲಿ.”

ನಿಂತೆ. ಗಿರಾಕಿಗಳು ಕರಗಿದ ಮೇಲೆ ಅವಳ ಪಕ್ಕದಲ್ಲಿ ಬಗ್ಗಿ, ಒಂದನ್ನೂ ಮುಚ್ಚಿಡದೆ ಹೇಳಿದೆ: ಅವಳ ಚಿತ್ರದಲ್ಲಿನ ಒಂದು ಗುಂಪು ಚರ್ಮದ ಮೇಲಿನದಲ್ಲ, ಒಳಗಿನದು, ಪೌಡರು ಅಲ್ಲದಿರಬಹುದು, ಪೌಡರಿಲ್ಲದೆ ಇನ್ನೊಮ್ಮೆ ನೋಡಿದರೆ ಮಾತ್ರ ತಿಳಿಯುತ್ತದೆ.

“ಎಲ್ರಿಗೂ ಪೌಡರ್ರು, ನಂಗೊಬ್ಳಿಗೆ ಬೇರೆಯಾ? ನಾನೆಂತ ಮೇಲಿಂದ ಇಳ್ದವ್ಳಾ?” ಎಂದು ಅವಳು ಬಂಗಡೆಗಳಿಗೆ ನೀರು ಚಿಮುಕಿಸಿದಳು.

“ಅಷ್ಟೊಂದು ಪೌಡರು ಹಾಕ್ಕಂಡು ಬಂದದ್ದಾರೂ ಯಾಕೆ?” ಎಂದೆ.

ಅವಳ ಕೈ ನಿಂತಿತು. ಬಹಳ ಹೊತ್ತು ನನ್ನನ್ನೇ ನೋಡಿದಳು. ನನಗೆ ಗೊತ್ತಿದ್ದೂ ಕೇಳುತ್ತಿದ್ದೇನೆಯೇ ಎಂದು ಅಳೆಯುತ್ತಿದ್ದಂತೆ.

“ನನ್ನ ತಂಗೀನ ಭಟ್ಕಳಕ್ಕೆ ಕೊಟ್ಟದ್ದು,” ಎಂದಳು. “ಆ ಡಾಕ್ಟ್ರು ಮೂಗು ಮುಚ್ಚಿದ್ದು ಅವ್ಳ ಎದ್ರಿಗೇ. ಅವ್ಳು ಫೋನ್ ಮಾಡಿ, ನೀವು ಹೋಗೂದಾದ್ರೆ ಮಿಂದು ಪೌಡರ್ ಹಾಕಂಡೇ ಹೋಗಿ ಅಂದ್ಳು. ಬಸ್ಸಲ್ಲಿ ಎಷ್ಟು ಜನ ಮೂಗು ಮುಚ್ಚೂದಿಲ್ಲ, ಹೇಳಿ. ಅದು ಬಸ್ಸು. ಇವ್ರು ಕರ್ದು, ಕೂರ್ಸಿ, ಮುಚ್ಚಿದ್ರು. ಅಂಥವ್ರ ಹತ್ರ ಮನೆ ಸುದ್ದಿ ಎಂತಕ್ಕೆ ಹೇಳೂದು?”

ಪೇಟೆಯ ಗದ್ದಲ ನನ್ನ ಕಿವಿಯಿಂದ ದೂರ ಸರಿದುಹೋಯಿತು. ನೀರಿನೊಳಗೆ ಮುಳುಗಿದವರಿಗೆ ದಡದ ಮಾತು ಕೇಳಿಸುವಂತೆ ಎಲ್ಲವೂ ಮಂದವಾಯಿತು. ಭಟ್ಕಳದ ಕುರ್ಚಿಯಲ್ಲಿ ಅರ್ಧಕ್ಕೆ ನಿಂತ ಆ ಮಾತು ಇವಳ ಮನೆಯದು.

“ನಿಮ್ಮ ದೊಡ್ಡಕ್ಕ ಎಂತದ್ರಲ್ಲಿ ಹೋದದ್ದು?” ಎಂದು ಕೇಳಿದೆ.

“ಇದ್ರಲ್ಲೇ,” ಎಂದು ಅವಳು ತನ್ನ ಎಡಗೈಯನ್ನು ಎದೆಯವರೆಗೆ ತಂದು, ಮುಟ್ಟದೆ ಇಳಿಸಿದಳು. “ಒಡ್ದು ನೀರು ಬರೂವರಿಗೂ ಯಾರಿಗೂ ಹೇಳ್ಲಿಲ್ಲ.”

ಅಲ್ಲಿಯೇ ನಾನೊಂದು ನಿರ್ಧಾರಕ್ಕೆ ಬಂದೆ. ಶಿಬಿರಗಳಲ್ಲಿ ಇಂಥ ಹೊತ್ತಿಗೆ ಹೇಳುವ ಮಾತುಗಳಿವೆ: ಡಾಕ್ಟರು ಒಳ್ಳೆಯವರು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಆದದ್ದು ಆಗಿಹೋಯಿತು. ಅವಮಾನಿತರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲವೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ತಂಡದಲ್ಲಿ ಇರಲಿಲ್ಲ.

“ಅವ್ರನ್ನ ಕ್ಷಮ್ಸು ಅಂತ ನಾ ಹೇಳೂದಿಲ್ಲ,” ಎಂದೆ. “ನಾನೂ ಕ್ಷಮ್ಸಲಿಲ್ಲ. ಸಿಟ್ಟು ನಿಂದು, ಇಟ್ಕೋ. ಇಟ್ಕಂಡೇ ಬಾ. ಮೀಯೂದು ಬ್ಯಾಡ, ಪೌಡರ್ ಬ್ಯಾಡ, ಸೀರೆ ಬದ್ಲ್ಸೂದೂ ಬ್ಯಾಡ. ಪೇಟೆಯಿಂದ ಸೀದಾ ಬಾ, ಬುಟ್ಟಿ ಸಮೇತ.”

“ಮೀನ್ ನಾತ?”

“ಅದನ್ನೂ ತಗಂಡು ಬಾ.”

ಪಕ್ಕದ ಮುದುಕಿ ಇಷ್ಟು ಹೊತ್ತೂ ಕಿವಿ ಇಟ್ಟಿದ್ದವಳು, “ಹೋಗೇ, ಹೋಗು. ಜಾಗ ನಾ ನೋಡ್ಕಂತೆ” ಎಂದಳು.

“ನೀ ನೋಡ್ಕಳೂದು ನಂಗೊತ್ತದೆ,” ಎಂದು ಮೀನುಗಾತಿ ಅವಳ ಹಲಗೆಯನ್ನು ಮತ್ತೆ ಹಿಂದಕ್ಕೆ ನೂಕಿದಳು. ಆಮೇಲೆ ನನ್ನ ಕಡೆ ತಿರುಗಿ ಅಂದಳು: “ಆತು. ಆದ್ರೆ ನಾ ಒಳಗೆ ಇರೂವರಿಗೆ ನನ್ನ ಬುಟ್ಟಿ ಆ ಡಾಕ್ಟ್ರೇ ಕಾಯ್ಬೇಕು. ಗಿಡುಗ ಬಂದ್ರೆ ಓಡ್ಸಬೇ​ಕು. ಬ್ಯಾರೆ ಯಾರೂ ಅಲ್ಲ.”

ಈ ಷರತ್ತನ್ನು ಒಂದಕ್ಷರವೂ ಬಿಡದೆ ವೈದ್ಯರಿಗೆ ತಲುಪಿಸಿದೆ. ಅವಳ ದೊಡ್ಡಕ್ಕನ ಮರಣವನ್ನೂ, ಭಟ್ಕಳದಲ್ಲಿ ಅದು ಯಾವ ಗಳಿಗೆಯಲ್ಲಿ ಹೇಳದೆ ಉಳಿಯಿತೆಂಬುದನ್ನೂ. ಶೀತದ ಮಾತನ್ನು ಅವರು ಹೇಳಿದ್ದು ಆಗಲೇ. ಆಮೇಲೆ ಅವರು ವಾಹನದ ಕಿಟಕಿಯಿಂದ ಹೊಳೆಯ ಕಡೆ ನೋಡಿ, “ಆಗಲಿ” ಎಂದರು.

ಅವಳು ಬರುತ್ತಾಳೆಂದು ತಿಳಿದ ಮೇಲೆ ಉಳಿದವರೂ ಬಂದರು. ಮರುದಿನ ಪೇಟೆ ಇಳಿಯುವ ಹೊತ್ತಿಗೆ ವಾಹನದ ಸುತ್ತ ಬುಟ್ಟಿಗಳ ಸಾಲು. ಈ ಸಲ ಪರದೆ ಕಟ್ಟಿಸಿ ಅದರ ಹಿಂದೆ ನಾನೇ ಕುಳಿತೆ. ಸಾಬೂನಿಲ್ಲದ ಬೆಚ್ಚನೆಯ ನೀರು, ಮೆತ್ತನೆಯ ಹತ್ತಿಬಟ್ಟೆ. ಕತ್ತಿನಿಂದ ಕೆಳಗೆ, ಕಂಕುಳು, ಎದೆಯ ಕೆಳಗಿನ ಮಡಿಕೆ, ಒರೆಸಿ ಒಣಗಿಸಿ, ಆಮೇಲೆ ಬೆರಳುಗಳಿಂದ ಪರೀಕ್ಷೆ. ಉಪ್ಪು, ಬೆವರು, ಮೀನು, ಹೊಗೆ: ಅವರವರ ನಿಜವಾದ ವಾಸನೆಯೊಳಗೆ ಕುಳಿತು ಮೈಗಳನ್ನು ತೊಳೆಯುತ್ತಿದ್ದಾಗ, ಹೊರಗಿನ ಬಿಸಿಲು ಪರದೆಯಲ್ಲಿ ಸೋಸಿ ನಸುಹಳದಿಯಾಗಿ ಬೀಳುತ್ತಿತ್ತು. ಯಾವುದೋ ಮಗುವಿಗೆ ಮೊದಲ ನೀರು ಹಾಕುತ್ತಿರುವಂತೆ ನನಗೆ ಮತ್ತೆ ಮತ್ತೆ ಭಾಸವಾಗುತ್ತಿತ್ತು. ಮೀನುಗಾತಿಯ ಎಡಗಡೆ ನನ್ನ ಬೆರಳುಗಳಿಗೆ ಏನೂ ಸಿಗಲಿಲ್ಲ. ಎಷ್ಟು ನಿಧಾನವಾಗಿ ಹುಡುಕಿದರೂ ಮೆತ್ತಗೆ, ಮೌನವಾಗಿ ಇತ್ತು.

“ಎಂತದೂ ಇಲ್ಲ ಅಲ್ಲಾ?” ಎಂದಳು.

“ನನ್ನ ಕೈಗೆ ಇಲ್ಲ,” ಎಂದೆ. “ಯಂತ್ರ ನೋಡ್ಲಿ.”

ಹೊರಗೆ ಯುವ ವೈದ್ಯರು ಅವಳ ಬುಟ್ಟಿಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತಿದ್ದರು. ದಡದ ಮೇಲೆ ಸುತ್ತುವ ಗಿಡುಗಗಳಿಗೆ ಇಂಥ ಕಾವಲುಗಾರನನ್ನು ಕಂಡು ಧೈರ್ಯ ಬಂದಿರಬೇಕು. ಒಂದರ ಹಿಂದೊಂದು ಇಳಿದವು. ಅವರು ಕಡತ ಬೀಸುತ್ತ ಎದ್ದು, ಕುಳಿತು, ಮತ್ತೆ ಎದ್ದು, ಕೊನೆಗೆ ತಮ್ಮ ಬಿಳಿ ಕೋಟನ್ನೇ ಕಳಚಿ ಬುಟ್ಟಿಯ ಮೇಲೆ ಹೊದಿಸಿದರು. ಹೆಂಗಸರು ಸೆರಗು ಕಚ್ಚಿ ನಕ್ಕರು. ಮೀನುಗಾತಿ ಇಳಿದು ಬಂದು, ಕೋಟನ್ನು ಎತ್ತಿ ಬಂಗಡೆಗಳನ್ನು ಒಮ್ಮೆ ದಿಟ್ಟಿಸಿ, “ಒಂದು ಕಮ್ಮಿ ಅದೆ ಡಾಕ್ಟ್ರೇ” ಎಂದಳು. ಅವರು ಗಾಬರಿಯಿಂದ ಆಕಾಶ ನೋಡಿದರು. ಕಮ್ಮಿಯಿರಲಿಲ್ಲ. ಅವರ ಪರವಾಗಿ ನಾನು ಇಷ್ಟನ್ನು ಹೇಳಬಲ್ಲೆ: ಆ ಕೋಟನ್ನು ಅವರು ಕೊಡವಿ, ಅಲ್ಲಿಯೇ, ಎಲ್ಲರೆದುರಿಗೆ ಮತ್ತೆ ತೊಟ್ಟುಕೊಂಡರು.

ಸಂಜೆ ಹೊಸ ಚಿತ್ರಗಳು ಒಂದೊಂದಾಗಿ ತೆರೆದುಕೊಂಡವು. ನಕ್ಷತ್ರಗಳೆಲ್ಲ ಆರಿಹೋಗಿದ್ದವು. ಬೆಳಗಾದ ಆಕಾಶದಂತೆ ಒಂದಾದ ಮೇಲೆ ಒಂದು ಚಿತ್ರ ಬರಿದಾಗಿ, ಶಾಂತವಾಗಿ ಬಂತು. ಅವಳ ಚಿತ್ರದ ಅಂಚೂ ಶುಭ್ರವಾಗಿತ್ತು. ಆಳದಲ್ಲಿ ಮಾತ್ರ ಆ ಪುಟ್ಟ ಗುಂಪು, ಹಿಂದೆ ಎಲ್ಲಿತ್ತೋ ಅಲ್ಲಿಯೇ ಉಳಿದಿತ್ತು.

ಮುಂದಿನ ಪರೀಕ್ಷೆಗೆ ಅವಳನ್ನು ಮಂಗಳೂರಿಗೆ ಕರೆದೊಯ್ದವಳು ನಾನೇ. ಯಂತ್ರದ ಕಣ್ಣಿನಡಿಯಲ್ಲಿ ಸೂಜಿ ತೂರಿಸಿ ಆ ಜಾಗದ ಚೂರನ್ನು ತೆಗೆದರು. ಫಲಿತಾಂಶ ತೆಗೆದುಕೊಂಡು ಮರಳಿದ ದಿನ ಹೊನ್ನಾವರದಿಂದ ಅವಳೊಡನೆ ದೋಣಿ ಹತ್ತಿದೆ. ಸಂಜೆಗೆಂಪು ನೀರಿಗಿಳಿದಿತ್ತು. ಹೊಳೆ ಹರಿಯುತ್ತಿದೆಯೋ ಸಮುದ್ರವೇ ಒಳಬರುತ್ತಿದೆಯೋ ತಿಳಿಯದ ಹೊತ್ತು; ದೋಣಿ ಎರಡರ ನಡುವೆ ತೂಗುತ್ತ ನಿಂತಂತಿತ್ತು. ಕ್ಯಾನ್ಸರೇ ಹೌದು ಎಂದು ಹೇಳಿದೆ. ನಾಳದ ಒಳಗೇ ಇದೆ, ಗೋಡೆ ದಾಟಿದಂತೆ ಕಾಣುವುದಿಲ್ಲ, ಈಗಲೇ ತೆಗೆದರೆ ಗುಣವಾಗುವ ಹಂತ ಎಂದು ವೈದ್ಯರು ಹೇಳಿದ್ದನ್ನೂ ಹೇಳಿದೆ.

ಅವಳು ನೀರಿನಲ್ಲಿ ಬೆರಳು ಆಡಿಸುತ್ತ ಕೂತಿದ್ದಳು.

“ಇಷ್ಟು ದಿವ್ಸ ಒಳಗೇ ಇತ್ತಾ?”

“ಇತ್ತು.”

“ನನ್ನ ಮೈ. ನಂಗೊಂದು ಮಾತು ಹೇಳ್ಲಿಲ್ಲ ಕಂಡ್ರಾ.” ಅವಳ ಧ್ವನಿಯಲ್ಲಿದ್ದದ್ದು ಭಯಕ್ಕಿಂತ ಹೆಚ್ಚಾಗಿ ಅಸಮಾಧಾನ. ಅದು ನನಗೆ ಧೈರ್ಯ ಕೊಟ್ಟಿತು. ಕುರ್ವೆಯ ತೆಂಗುಗಳು ಹತ್ತಿರವಾದಾಗ ಅವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. “ಆತು. ಯಾವತ್ತು ಹೋಗೂದು?”

ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಆಸ್ಪತ್ರೆಯಲ್ಲಿ ಜೊತೆಗಿರಲು ಸೊಸೆ ಹೊರಟಳು. ಹೊರಡುವ ಮುನ್ನಾದಿನ ಅವಳು ನನ್ನ ಮನೆಯ ಜಗಲಿಗೆ ಬಂದು, ನೀರೂ ಕುಡಿಯದೆ ನಿಂತೇ ಕೇಳಿದಳು.

“ನನ್ನ ಜಾಗ ಖಾಲಿ ಬಿಟ್ರೆ ಆ ಮುದ್ಕಿ ಕಂಬದ ತನಕ ಬತ್ತದೆ. ನಾ ಬರೂವರಿಗೆ ನೀವು ಕೂರೂಕಾಗ್ತದಾ? ಮೀನು ಮುಟ್ಟೂದು ಬ್ಯಾಡ. ಬರೇ ಕೂತ್ರೆ ಸಾಕು. ನಿಮ್ಮನ್ನ ಎಬ್ಸೂ ಧೈರ್ಯ ಯಾರಿಗದೆ?”

ಹೀಗೆ, ನನ್ನ ಈ ವಯಸ್ಸಿನಲ್ಲಿ, ಹೊನ್ನಾವರದ ಮೀನುಪೇಟೆಯ ಒದ್ದೆ ನೆಲದ ಮೇಲೆ, ಬರಿದಾದ ಹಲಗೆಯ ಹಿಂದೆ ಕುಳಿತೆ. ಸುತ್ತ ಕೂಗು, ಬೆಳ್ಳಿಯಂತೆ ಹೊಳೆಯುವ ತಾರ್ಲೆ ಮೀನುಗಳ ರಾಶಿ, ಕರಗುವ ಮಂಜುಗಡ್ಡೆಯಿಂದ ಏಳುವ ತೆಳುವಾದ ಹಬೆ. ಪರಿಚಯದವರು ಕೆಲವರು ನನ್ನನ್ನು ನೋಡಿಯೂ ನೋಡದಂತೆ ದಾಟಿಹೋದರು; ಅವರು ಯಾರು ಯಾರೆಂದು ಕೇಳಿದರೆ ಹೇಳಬಲ್ಲೆ. ಗಿರಾಕಿಯೊಬ್ಬ, “ಇಲ್ಲಿ ಕೂರೂ ಹೆಂಗಸು ಎಲ್ಲಿ?” ಎಂದು ಕೇಳಿದ. “ಬತ್ತಾಳೆ” ಎಂದೆ. ಮುದುಕಿಯ ಹಲಗೆ ಕಾಲಡಿಯಿಂದ ಮೆಲ್ಲಗೆ ಸರಿದು ಬಂದು ನನ್ನ ಮಂಡಿಗೆ ತಾಗಿತು. ಅವಳ ಕಡೆ ಒಮ್ಮೆ ನೋಡಿದೆ. ಅದು ಬಂದ ದಾರಿಯಲ್ಲೇ ಹಿಂದಿರುಗಿತು.

ಮಧ್ಯಾಹ್ನ ದಾಟಿದ ಮೇಲೆ ಮಡಿಲಿನ ಫೋನು ಹೊಡೆದುಕೊಂಡಿತು. ಸೊಸೆಯ ಧ್ವನಿ ದೂರದಿಂದ, ಅಲೆಗಳ ಮೇಲೆ ಬಂದಂತೆ ಏರಿಳಿಯುತ್ತಿತ್ತು.

“ಬಾಯೋರೆ, ತೆಗ್ದಾತು. ಕಂಕುಳಿಗೆ ಹೋಗ್ಲಿಲ್ಲ ಅಂದ್ರು ಡಾಕ್ಟ್ರು. ಅತ್ತೆಗೆ ಈಗ ಎಚ್ರ ಬಂತು.”

ಕಂಬಕ್ಕೆ ಬೆನ್ನು ಆನಿಸಿದೆ.

“ಕೇಳ್ತಾ ಅದೀರಾ? ಅತ್ತೆ ಒಂದೇ ಮಾತು ಕೇಳ್ತಾ ಅದಾರೆ. ಜಾಗ ಅದ್ಯಾ ಅಂತ.”

“ಅದೆ ಅಂತ ಹೇಳು,” ಎಂದೆ, ಮತ್ತು ಹಲಗೆಯನ್ನು ಅದರ ಗುರುತಿನವರೆಗೆ ಎಳೆದುಕೊಂಡು ನೇರವಾಗಿ ಕುಳಿತೆ.